ಗೌರಕ್ಕನ ತೋಟದ ಕಟ್ಟಿಗೆ ಮನೆ

ನಮ್ಮ ಹಿತ್ತಲಿಗೂ ಪಕ್ಕದ ಸಾಹುಕಾರರ ಹಿತ್ತಲ ತೋಟಕ್ಕೂ ನಡುವೆ ಇರುವ ಗೋಡೆ ನನ್ನ ಎದೆಮಟ್ಟಕ್ಕೆ ಬರುತ್ತದೆ. ಹೊಟ್ಟೆಕಿಚ್ಚಿಗೆ ಇದಕ್ಕಿಂತ ಅನುಕೂಲವಾದ ಎತ್ತರ ಇನ್ನೊಂದಿಲ್ಲ. ಒಂದು ಮೊಳ ಏರಿಸಿ ಕಟ್ಟಿದ್ದರೆ ಆಚೆ ಏನಿದೆಯೆಂದು ಕಾಣದೆ ನಾನು ಸುಖವಾಗಿರುತ್ತಿದ್ದೆ. ಒಂದು ಮೊಳ ಇಳಿಸಿದ್ದರೆ ಸೀರೆ ಎತ್ತಿ ದಾಟಿ ಹೋಗಿ, ನಾಲ್ಕು ಮಾತಾಡಿ, ಮನಸ್ಸು ಹಗುರ ಮಾಡಿಕೊಂಡು ಬರುತ್ತಿದ್ದೆ. ಎದೆಮಟ್ಟದ ಗೋಡೆ ನೋಡಗೊಡುತ್ತದೆ, ಹೋಗಗೊಡುವುದಿಲ್ಲ.

ನಮ್ಮವರು ಇಲ್ಲಿಯ ಅಫಜಲಪುರದ ಕಚೇರಿಯಲ್ಲಿ ವಕೀಲರು. ಮೊಕದ್ದಮೆಗೆಂದು ಹೈದರಾಬಾದಿಗೆ ಹೋಗಿಬಂದಾಗಲೆಲ್ಲ ಅಲ್ಲಿಯ ಅರಮನೆಗಳನ್ನು ವರ್ಣಿಸುತ್ತಾರೆ. ಅದರಿಂದ ನನ್ನ ನಿದ್ದೆ ಒಂದು ದಿನವೂ ಕೆಟ್ಟಿಲ್ಲ. ನನ್ನ ಸ್ವಂತ ತಂಗಿ ಆಳಂದದಲ್ಲಿ ಹಾರ್ಮೋನಿಯಂ ಕೊಂಡಳು. ಕೊಳ್ಳಲಿ, ಅದರ ಸ್ವರ ಇಲ್ಲಿಯವರೆಗೆ ಕೇಳಿಸುವುದಿಲ್ಲ. ನನ್ನ ಹೊಟ್ಟೆಕಿಚ್ಚು ಬಹಳ ಸೋಮಾರಿ. ಗೋಡೆಯಾಚೆಗೆ ನಾಲ್ಕು ಹೆಜ್ಜೆ ನಡೆಯುವ ತ್ರಾಣವೂ ಅದಕ್ಕಿಲ್ಲ.

ನಾನು ಓದಿದ ಕಾನ್ವೆಂಟಿನಲ್ಲಿ ಒಬ್ಬ ಮದರ್ ನಮಗೆ ಪಾಪಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುತ್ತಿದ್ದರು. ಹೊಟ್ಟೆಬಾಕತನ ಎಂದಾಗ ಹುಡುಗಿಯರೆಲ್ಲ ಕಿಸಕ್ಕೆಂದು ನಗುತ್ತಿದ್ದೆವು. ಸೋಮಾರಿತನ ಎಂದಾಗಲೂ ನಗು. ಮತ್ಸರದ ಸರದಿ ಬಂದಾಗ ಮಾತ್ರ ಯಾರೂ ನಗುತ್ತಿರಲಿಲ್ಲ. ಎಲ್ಲರೂ ಪಕ್ಕದವಳ ರಿಬ್ಬನ್ನು ನೋಡುತ್ತಿದ್ದೆವು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ನಮ್ಮ ಅತ್ತೆಯವರಿಂದ ಇನ್ನೊಂದು ಶಾಸ್ತ್ರ ಕಲಿತೆ. ಅವರ ಪ್ರಕಾರ ಮತ್ಸರವೆಂಬುದು ಪಾಪವಲ್ಲ, ಪಿತ್ತ; ಎರಡು ಲೋಟ ಮಜ್ಜಿಗೆ ಕುಡಿದರೆ ಇಳಿಯುತ್ತದೆ. ನಾನು ಎರಡೂ ಪಂಥಗಳಲ್ಲಿ ನಡೆದು ನೋಡಿದ್ದೇನೆ. ಪ್ರಾರ್ಥನೆಗಿಂತ ಮಜ್ಜಿಗೆ ಮೇಲು. ಆದರೆ ಗೌರಕ್ಕನ ಕಟ್ಟಿಗೆ ಮನೆಯ ವಿಷಯದಲ್ಲಿ ಮಜ್ಜಿಗೆಯೂ ಸೋತಿತು.

ಗೌರಕ್ಕ ಎಂದರೆ ಪಕ್ಕದ ಸಾಹುಕಾರರ ಹೆಂಡತಿ. ನನಗಿಂತ ಐದಾರು ವರ್ಷ ಹಿರಿಯರು; ಅಕ್ಷರ ಕಲಿತವರಲ್ಲ, ಆದರೆ ಬೇಳೆಯನ್ನು ಕೈಯಲ್ಲಿ ಹಿಡಿದೇ ಯಾವ ಊರಿನದೆಂದು ಹೇಳುವವರು. ಸಾಹುಕಾರರು ಮುಂಬಯಿಗೆ ಶೇಂಗಾ ಕಳಿಸುತ್ತಾರೆ. ಅಲ್ಲಿಯ ದಲಾಲನೊಬ್ಬ ತನ್ನ ತೋಟದಲ್ಲಿ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಒಂದು ಕೋಣೆ ಕಟ್ಟಿಸಿದ್ದನಂತೆ. ಸಾಹುಕಾರರು ಅದನ್ನು ನೋಡಿ ಮರುಳಾಗಿ, ಅಂಥ ಮನೆಗಳ ಚಿತ್ರವಿದ್ದ ಒಂದು ಪುಸ್ತಕವನ್ನೇ ತಂದರು. ನಮ್ಮ ಸೀಮೆಯವರಿಗೆ ಮನೆಯೆಂದರೆ ಕಲ್ಲು. ಗೋಡೆ ಕಲ್ಲು, ನೆಲ ಹಾಸುಗಲ್ಲು, ತಲೆಯ ಮೇಲೆ ಮಣ್ಣಿನ ಮಾಳಿಗೆ. ಕಟ್ಟಿಗೆಗೆ ನಾವು ಕೊಟ್ಟಿರುವ ಸ್ಥಾನಗಳು ಮೂರೇ: ತೊಲೆ, ಬಾಗಿಲು, ಒಲೆ. ಇಡೀ ಮನೆಯೇ ಕಟ್ಟಿಗೆಯದು ಎಂದರೆ ಒಲೆಯ ಪಾಲನ್ನು ತಂದು ಸಿಂಹಾಸನಕ್ಕೆ ಏರಿಸಿದ ಹಾಗೆ.

ಗೌರಕ್ಕ ಆ ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಮನೆಗೆ ಬಂದರು.

"ಬಾಯಾರ, ಇದರಾಗ ಯಾವುದು ಛಲೋ ಅದ ನೀವ ಹೇಳ್ರಿ. ನಮಗ ಚಿತ್ರ ಕಾಣ್ತಾವ, ಬರದದ್ದು ಕಾಣಂಗಿಲ್ಲ. ನೀವು ಬಟ್ಟ ಇಟ್ಟದ್ದ ತರಸ್ತೀವಿ."

ಮೂರು ಚಿತ್ರಗಳಿದ್ದವು. ಒಂದು ರೈಲ್ವೆ ಸ್ಟೇಶನ್ನಿನ ಟಿಕೀಟು ಕೋಣೆಯಂತೆ ಬೋಳು. ಇನ್ನೊಂದಕ್ಕೆ ಎರಡು ಅಂತಸ್ತು, ಮದುವೆಗೆ ಹೊರಟ ಹಾಗೆ ಸಿಂಗಾರ. ಮೂರನೆಯದು... ದುಂಡನೆಯ ದಿಮ್ಮಿಗಳು ಮೂಲೆಯಲ್ಲಿ ಒಂದನ್ನೊಂದು ಕಚ್ಚಿಕೊಂಡು, ಕೈಬೆರಳು ಹೆಣೆದಂತೆ ಕೂತಿದ್ದವು. ಮುಂದೆ ಇಬ್ಬರು ಕೂರುವಷ್ಟು ಜಗಲಿ. ಎರಡು ಕಿಟಕಿ, ಕಿಟಕಿಯ ಕೆಳಗೆ ಪುಸ್ತಕ ಇಡಲು ಹಲಗೆ. ನಾನು ಟಿಕೀಟು ಕೋಣೆಯ ಮೇಲೆ ಬೆರಳಿಡಬೇಕೆಂದೇ ಕೈ ಎತ್ತಿದೆ. ಬೆರಳು ಮೂರನೆಯದರ ಮೇಲೆ ಹೋಗಿ ಕೂತಿತು. ಒಳ್ಳೆಯದನ್ನು ಒಳ್ಳೆಯದೆನ್ನದೆ ಇರಲು ಆಗದಿರುವುದು ಗುಣವೆಂದು ತಿಳಿಯಬೇಡಿ. ಅದು ಕಾನ್ವೆಂಟಿನ ಚಿತ್ರಕಲೆಯ ಪಾಠ ಬಿಟ್ಟುಹೋದ ದೋಷ.

ನಿಜವಾದ ಉರಿ ಹತ್ತಿದ್ದು ಆಗಲೇ. ಅಲ್ಲಿಯವರೆಗೆ ಅದು ಅವರ ಮನೆ. ಬೆರಳಿಟ್ಟ ಗಳಿಗೆಯಿಂದ ಅದು ನನ್ನ ಮನೆ, ಅವರ ತೋಟದಲ್ಲಿ ಏಳಲಿರುವುದು. ಯಾವ ಕಿಟಕಿಗೆ ಕುರ್ಚಿ ಹಾಕಬೇಕು, ಹೊಲಿಗೆಯ ಪೆಟ್ಟಿಗೆ ಎಲ್ಲಿಡಬೇಕು ಎಂಬುದೆಲ್ಲ ನನ್ನ ಮನಸ್ಸಿನಲ್ಲಿ ನಿಶ್ಚಯವಾಗಿ ಹೋಯಿತು. ನಮ್ಮ ದೊಡ್ಡ ಮನೆಯಲ್ಲಿ ಒಂದು ಪುಟ ಓದಿ ಮುಗಿಸುವಷ್ಟರಲ್ಲಿ ಮೂರು ಸಲ ನನ್ನ ಹೆಸರು ಕೂಗಲಾಗುತ್ತದೆ. ನನಗೆ ಬೇಕಾಗಿದ್ದದ್ದು ಕೂಗು ಕೇಳಿಸದ ಒಂದು ಮೂಲೆ. ನಮ್ಮವರಿಗೆ ಸೂಕ್ಷ್ಮವಾಗಿ ಹೇಳಿಯೂ ನೋಡಿದೆ.

"ಇದ್ದ ಮನಿ ಕಿಡಕೀನ ತೆಗಿಯೋರಿಲ್ಲ. ಇನ್ನೊಂದ ಮನಿ ಕಿಡಕಿ ಯಾರ ತೆಗೀಬೇಕು?" ಎಂದು ಅವರು ಕಚೇರಿಯ ಕಾಗದಗಳ ಕಡೆ ತಿರುಗಿದರು.

ದಿಮ್ಮಿಗಳು ರೈಲಿನಲ್ಲಿ ಗಾಣಗಾಪುರದ ಸ್ಟೇಶನ್ನಿಗೆ ಬಂದು, ಅಲ್ಲಿಂದ ನಾಲ್ಕು ಎತ್ತಿನ ಗಾಡಿಗಳಲ್ಲಿ ನಮ್ಮ ಓಣಿಗೆ ಬಂದವು. ಓಣಿಯ ತುದಿಯ ಮುದುಕಿಯೊಬ್ಬಳು ಗಾಬರಿಯಿಂದ, "ಯಾರಿಗಿ ಏನಾತ್ರಿ ಯವ್ವಾ, ಇಷ್ಟ ಕಟ್ಟಿಗಿ ತರಸ್ಯಾರ?" ಎಂದಳು. ಆ ಮಾತು ಕೇಳಿ ನಾನು ಸಂತೋಷಪಟ್ಟೆ. ಸಂತೋಷಪಟ್ಟದ್ದಕ್ಕಾಗಿ ಒಳಗೆ ಹೋಗಿ ಮಜ್ಜಿಗೆ ಕುಡಿದೆ.

ಪ್ರತಿಯೊಂದು ದಿಮ್ಮಿಯ ಮೇಲೂ ಕೆಂಪು ಬಣ್ಣದಲ್ಲಿ ಇಂಗ್ಲಿಷ್ ಅಕ್ಷರ, ಅದರ ಪಕ್ಕಕ್ಕೆ ಅಂಕಿ. ಯಾವುದರ ಮೇಲೆ ಯಾವುದು ಎಂದು ಹೇಳುವ ಕಾಗದವೂ ಇಂಗ್ಲಿಷಿನದು. ಊರಲ್ಲಿ ಉರ್ದು ಓದುವವರು ಬೇಕಾದಷ್ಟು, ಇಂಗ್ಲಿಷ್ ಓದುವವರು ಕಡಿಮೆ. ಇದ್ದ ಗಂಡಸರು ಕಚೇರಿಯಲ್ಲಿದ್ದರು. ಹೀಗಾಗಿ ಗೌರಕ್ಕ ನನಗೆ ಹೇಳಿಕಳಿಸಿದರು. ಬೇವಿನ ನೆರಳಲ್ಲಿ ನನಗೊಂದು ಕುರ್ಚಿ. ಎದುರಿಗೆ ಕಾಳಪ್ಪ ಬಡಿಗೇರ, ಊರಿನ ಅರ್ಧ ಬಾಗಿಲುಗಳನ್ನು ಮಾಡಿದವನು. ನಾನು ಕಾಗದ ಹಿಡಿದು ನ್ಯಾಯಾಧೀಶಳ ಹಾಗೆ ಕೂತೆ.

ಕಾಳಪ್ಪ ಮೊದಲು ಮಾಡಿದ್ದು ಗೌರಕ್ಕನ ಮೊಣಕೈಯಿಂದ ಬೆರಳ ತುದಿಯವರೆಗೆ ಹುರಿ ಹಿಡಿದು ಅಳೆದದ್ದು. ನಮ್ಮಲ್ಲಿ ಮನೆ ಕಟ್ಟುವ ಮೊದಲು ಆಯ ನೋಡದೆ ಯಾರೂ ಗುಂಡಿ ತೋಡುವುದಿಲ್ಲ. ಮನೆಯೊಡೆಯರ ಕೈಯಳತೆಯಲ್ಲಿ ಉದ್ದ ಅಗಲ ಅಳೆದು, ಗುಣಿಸಿ, ಎಂಟರಿಂದ ಭಾಗಿಸಬೇಕು. ಉಳಿದ ಶೇಷಕ್ಕೆ ತಕ್ಕಂತೆ ಆನೆ, ಸಿಂಹ, ಎತ್ತು, ನಾಯಿ, ಕತ್ತೆ ಹೀಗೆ ಒಂದೊಂದು ಆಯ. ಒಂದು ಮನೆ ಮೃಗಾಲಯದ ಯಾವ ಪಂಜರಕ್ಕೆ ಸೇರಿದ್ದು ಎಂದು ಕಟ್ಟುವ ಮೊದಲೇ ಗೊತ್ತಾಗುವ ಇಂಥ ಗಣಿತ ನಮ್ಮ ಮದರ್‌ಗಳಿಗೆ ಗೊತ್ತಿರಲಿಲ್ಲ. ಶೇಷವೇನೂ ಉಳಿಯದಿದ್ದರೆ ಕಾಗೆ.

"ಕಾಗಿ ಬಂತ್ರಿ," ಎಂದ ಕಾಳಪ್ಪ, ಹುರಿ ಸುತ್ತುತ್ತ.

"ಕಾಗಿ ಬಂದ್ರ ಏನಾಗ್ತದೋ?"

"ಕಾಗಿ ಗೂಡಿನ ಬಾಳೇವು ಗೊತ್ತಿಲ್ಲೇನ್ರಿ ಗೌರವ್ವಾರ? ಗೂಡು ಒಬ್ರದು, ಮರಿ ಇನ್ನೊಬ್ರದು."

ನಾನು ಕಾಗದದಲ್ಲಿ ಮುಖ ಹುದುಗಿಸಿದೆ.

"ಅಂಜಬ್ಯಾಡ್ರಿ. ಚಿತ್ರದಾಗ ನೋಡ್ರಿ, ಮೂಲ್ಯಾಗ ದಿಮ್ಮಿ ತುದಿ ಕಿವಿ ಹಂಗ ಹೊರಗ ಚಾಚ್ಯಾವಲ್ರಿ, ಅವನ್ನ ನಾಕ ನಾಕ ಬಟ್ಟ ಕೊಯ್ದು ಬಿಡ್ತೇನಿ. ಎತ್ತಿನ ಆಯಕ್ಕ ಕೂಡ್ತದ," ಎಂದ ಕಾಳಪ್ಪ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ: "ಅವ್ವಾರ, ಆ ತುದಿ ಬಗ್ಗೆ ಕಾಗದದಾಗ ಏನರ ಬರದಾರೇನ್ರಿ?"

ಬರೆದಿದ್ದರು. ಕೆಳಗೆ ಗೆರೆ ಎಳೆದು ಬರೆದಿದ್ದರು: ಮೂಲೆಯಿಂದ ಹೊರಚಾಚಿದ ತುದಿಗಳನ್ನು ಎಂದಿಗೂ ಕೊಯ್ಯಕೂಡದು, ಕೊಯ್ದರೆ ದಿಮ್ಮಿಗೆ ದಿಮ್ಮಿ ಹಿಡಿಯುವ ಕಚ್ಚು ನಿಲ್ಲುವುದಿಲ್ಲ. ಅದನ್ನು ನಾನು ಆಗಲೇ ಎರಡು ಸಲ ಓದಿಕೊಂಡಿದ್ದೆ.

"ಏನೂ ಇಲ್ಲ," ಎಂದೆ.

ಮದರ್‌ಗಳು ತಿದ್ದಿ ತೀಡಿದ ಸ್ಪಷ್ಟವಾದ ಉಚ್ಚಾರದಲ್ಲೇ ಎಂದೆ. ಗರಗಸ ಕರಕರ ಶುರುವಾಯಿತು, ದೇವದಾರಿನ ವಾಸನೆ ಎದ್ದಿತು. ಮನೆ ಬೀಳಲಿ ಎಂದು ನನಗಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಚಿತ್ರದಲ್ಲಿದ್ದಷ್ಟು ಚೆಂದವಾಗದಿದ್ದರೆ ಸಾಕಾಗಿತ್ತು. ದ್ವೇಷಕ್ಕೆ ಊರೇ ಸುಡಬೇಕು. ಮತ್ಸರ ಹಾಗಲ್ಲ, ಬಹಳ ಮಿತವ್ಯಯಿ. ಅದಕ್ಕೆ ನಾಲ್ಕು ಬೆರಳಿನಷ್ಟು ಕಡಿಮೆಯಾದರೆ ಸಾಕು.

ತಳದ ನಾಲ್ಕು ದಿಮ್ಮಿಗಳ ತುದಿ ಕೊಯ್ದಾಯಿತು. ಅವನ್ನು ಚೌಕವಾಗಿ ಇಟ್ಟು ಕಾಳಪ್ಪ ಕೊಡತಿಯಿಂದ ಮೂಲೆಗೆ ಒಂದೊಂದು ಏಟು ಕೊಟ್ಟ. ಮೂರನೆಯ ಮೂಲೆಯಲ್ಲಿ ಟಪ್ಪೆಂದು ಕಚ್ಚಿನ ಅಂಚು ಚಕ್ಕಲಿಯ ತುಂಡಿನಂತೆ ಹಾರಿಹೋಯಿತು. ನಾಲ್ಕನೆಯದರಲ್ಲೂ ಹಾಗೆಯೇ. ಕಾಳಪ್ಪ ಚೂರನ್ನು ಎತ್ತಿಕೊಂಡು, ಅದರ ಎಳೆಯನ್ನು ಬೆರಳಲ್ಲಿ ಸವರುತ್ತ ಕುಕ್ಕರಗಾಲಲ್ಲಿ ಕೂತುಬಿಟ್ಟ.

"ಅವ್ವಾರ, ದಿಮ್ಮಿಗಿ ದಿಮ್ಮಿಗಿ ನಂಬರ ಹಾಕ್ಯಾನ. ಮೊಳಿ ಸೈತ ಎಣಿಸಿ ಚೀಲದಾಗ ಕಟ್ಯಾನ. ಅಂಥಾ ಶಾಣ್ಯಾ ಮನಷ್ಯಾ ಈ ಒಂದ ಮಾತು ಬರೀದಂಗ ಬಿಟ್ಟಾನೇನ್ರಿ?"

ಎಲ್ಲೋ ಕೂತ ಒಬ್ಬ ಬಡಗಿಯ ಮೇಲೆ ಇಲ್ಲಿಯ ಬಡಗಿಗೆ ಎಂಥ ನಂಬಿಕೆ! ಅವರಿಬ್ಬರ ನಡುವೆ ನನ್ನ ಸುಳ್ಳಿಗೆ ಕೂರಲು ಜಾಗವೇ ಇರಲಿಲ್ಲ. ಆದರೆ ಗೌರಕ್ಕ ಜಾಗ ಮಾಡಿಕೊಟ್ಟರು.

"ಬಾಯಾರು ಓದಿ ಇಲ್ಲ ಅಂದ್ರ ಇಲ್ಲ ಲೇ! ದನಾ ಬಡದಂಗ ಬಡದೀ, ಅದಕ್ಕ ಒಡದದ. ನಿನ್ನ ಕೈ ತಪ್ಪ ತಂದು ಅವರ ಮ್ಯಾಲ ಹಾಕ್ತೀಯೇನು? ನಾಳೆ ಊರಾಗ ಯಾರರ ನಿನಗ ಕೆಲಸ ಕೊಡ್ತಾರೇನು ನೋಡು."

ಕಾಳಪ್ಪ ತನ್ನ ಕೊಡತಿಯನ್ನು ಮಗುಚಿ, ಅದರಲ್ಲಿಯೇ ತಪ್ಪಿದೆಯೇನೋ ಎಂಬಂತೆ ನೋಡತೊಡಗಿದ. ಅಷ್ಟು ಹೊತ್ತೂ ನನ್ನ ಸುಳ್ಳು ಮರಕ್ಕೆ ಮಾತ್ರ ತಾಗಿದೆ ಎಂದುಕೊಂಡಿದ್ದೆ. ಈಗ ಅದು ಒಬ್ಬ ಮನುಷ್ಯನ ಕೈಗುಣಕ್ಕೆ ತಾಗಿತ್ತು. ನಾನು ಕಾಗದವನ್ನು ಮತ್ತೆ ಬಿಚ್ಚಿ ಹಿಡಿದೆ.

"ಗೌರಕ್ಕಾ, ಬೈಯಬ್ಯಾಡ್ರಿ. ಇಲ್ಲೊಂದು ಸಾಲು ಅದ. ಕೊಯ್ಯಬಾರ್ದು ಅಂತ ಬರದಾರ. ಕಾಗದದ ಮಡಿಕಿಯೊಳಗ ಇತ್ತು, ನಾ ನೋಡಿದ್ದಿಲ್ಲ."

ಒಂದು ಸುಳ್ಳನ್ನು ತೆಗೆಯಲು ಇನ್ನೊಂದನ್ನು ಸೇರಿಸಿದ್ದೆ. ಕಾಳಪ್ಪ ಕಾಗದದ ಕಡೆ ನೋಡಲಿಲ್ಲ, ನನ್ನ ಮುಖ ನೋಡಿದ.

"ಸಣ್ಣ ಅಕ್ಷರ ಇದ್ದೀತ್ರಿ," ಎಂದ.

ಇಡೀ ಕಾಗದದಲ್ಲಿ ಅವೇ ಎಲ್ಲಕ್ಕಿಂತ ದಪ್ಪ ಅಕ್ಷರಗಳು.

ಕೆಟ್ಟ ನಾಲ್ಕು ದಿಮ್ಮಿಗಳ ಬದಲಿಗೆ ಬೇವಿನವನ್ನು ಹಾಕುವುದೆಂದಾಯಿತು. ಆದರೆ ಕಾಗೆ? ಕಾಳಪ್ಪ ಗಡ್ಡ ಕೆರೆದುಕೊಂಡು, "ಕಟ್ಟಿಗಿ ಕೊಯ್ಯೂದು ಬ್ಯಾಡಂದ್ರ ಕೈ ಬದಲಿ ಮಾಡೂಣ್ರಿ. ಅವ್ವಾರ, ನಿಮ್ಮ ಕೈ ಚಾಚ್ರಿ," ಎಂದ. ನನ್ನ ಕೈ ಗೌರಕ್ಕನದಕ್ಕಿಂತ ಒಂದು ಬೆರಳು ಗಿಡ್ಡ. ಅಳೆದು, ಗುಣಿಸಿ, ಭಾಗಿಸಿದ. ಆನೆ ಬಂತು.

"ಯಾರ ಕೈ ಕೂಡ್ತದೋ ಅವರ ಮನಿ ಅಂತಾರ್ರಿ ನಮ್ಮ ಹಿರ್ಯಾರು," ಎಂದು ಅವನು ಹುರಿಯನ್ನು ನೋಡುತ್ತಲೇ ಹೇಳಿದ. ಅದು ಬಹುಮಾನವೋ ಶಿಕ್ಷೆಯೋ ನನಗೆ ಈವತ್ತಿಗೂ ತಿಳಿದಿಲ್ಲ.

ಗೌರಕ್ಕ ಚಪ್ಪಾಳೆ ತಟ್ಟಿ ನಕ್ಕರು. "ತಗೋರಿ, ಮನಿ ನಿಮ್ಮದ ಆತಲ್ರೀ! ನಾ ಬಾಡಿಗಿ ಇರ್ತೇನಿ."

ಬಯಸಿದ್ದು ಬಾಯಿಗೆ ಬಂದು ಬಿದ್ದಾಗ ನುಂಗಲಾಗದೆ ಕೂರುವುದು ಹೇಗೆಂದು ಆವತ್ತು ಕಲಿತೆ.

ಈಗ ಮನೆ ಎದ್ದು ನಿಂತಿದೆ. ಚಿತ್ರದಲ್ಲಿದ್ದಷ್ಟೇ ಚೆಂದ; ತಳದಲ್ಲಿ ಬೇವಿನ ಒಂದು ಸುತ್ತು ಮಾತ್ರ ಕಪ್ಪಗೆ, ಸೀರೆಗೆ ಅಂಚಿನ ಹಾಗೆ. ಬಂದವರೆಲ್ಲ ಆ ಅಂಚನ್ನೇ ಹೊಗಳುತ್ತಾರೆ. ಮಧ್ಯಾಹ್ನದ ಹೊತ್ತು ಗೌರಕ್ಕ ಮತ್ತು ನಾನು ಅದರ ಜಗಲಿಯಲ್ಲಿ ಕೂರುತ್ತೇವೆ. ಒಂದು ದಿನ ಅವರು, "ಬಾಯಾರ, ನನಗೂ ನಾಕ ಅಕ್ಷರ ಕಲಸ್ರಿ. ಎರಡ ಜೋಡಿ ಕಣ್ಣಿದ್ರ ಮಡಿಕಿಯೊಳಗಿಂದು ತಪ್ಪಂಗಿಲ್ಲ ನೋಡ್ರಿ," ಎಂದರು. ಆ ಮಾತಿನಲ್ಲಿ ಮುಳ್ಳಿದೆಯೇ ಎಂದು ನಾನು ತಿರುವಿ ತಿರುವಿ ನೋಡಿದೆ. ಇರಲಿಲ್ಲ. ಅದೇ ಚುಚ್ಚಿತು. ಮೊದಲು ಕನ್ನಡ, ಆಮೇಲೆ ಇಂಗ್ಲಿಷ್ ಎಂದು ಸ್ಲೇಟು ಹಿಡಿದೆವು.

ಬಾಯಿಂದ ಹೇಳಲಾಗದ್ದನ್ನು ಹೀಗೆ ಬರೆದಿಟ್ಟು, ಅವರು ಕಲಿತ ಮೇಲೆ ಕೈಗೆ ಕೊಡಬೇಕೆಂದು ನಿಶ್ಚಯಿಸಿದ್ದೇನೆ. ಆದ್ದರಿಂದಲೋ ಏನೋ ಒಂದು ತಿಂಗಳಿಂದ ಕಾಗುಣಿತದ ಆಚೆಗೆ ಅವರನ್ನು ಬಿಟ್ಟಿಲ್ಲ. ಬುನಾದಿ ಗಟ್ಟಿಯಾಗಲಿ ಎಂದು ಹೇಳುತ್ತೇನೆ. ಮೊನ್ನೆ ಹೋದಾಗ ಅವರು ಸ್ಲೇಟನ್ನು ತಿರುಗಿಸಿ ತೋರಿಸಿದರು. ಗಂಡನ ಹೆಸರು, ಊರಿನ ಹೆಸರು, ಪಾತ್ರೆಪಗಡದ ಹೆಸರು, ನಾನು ಹೇಳಿಕೊಡದ ಒತ್ತಕ್ಷರಗಳ ಸಮೇತ ತಾವೇ ಬರೆದಿದ್ದರು. ಅಕ್ಷರಗಳು ನನ್ನವಕ್ಕಿಂತ ದುಂಡಗಿವೆ. ಬಹಳ ಚೆಂದ ಎಂದೆ, ಮನೆಗೆ ಬಂದು ಎರಡು ಲೋಟ ಮಜ್ಜಿಗೆ ಕುಡಿದೆ.

ನಾಳೆ ಈ ಹಾಳೆಗಳನ್ನು ಕೊಡುತ್ತೇನೆ. ಅವರು ತಡವರಿಸದೆ ಓದಿದರೆ ನನಗೆ ಇನ್ನಷ್ಟು ಉರಿಯುತ್ತದೆ. ತಡವರಿಸಿದರೆ ಪಕ್ಕದಲ್ಲಿ ಕೂತು ನಾನೇ ಓದಿ ಹೇಳಬೇಕಾಗುತ್ತದೆ, ಒಂದು ಸಾಲನ್ನೂ ಬಿಡದೆ.