ಮೊಟ್ಟೆಯಾಕಾರದ ಚೈನ್‌ವೀಲ್

ಮಂಡಿನೋವಿಗೆ ಒಳ್ಳೆಯದೆಂದು ಯಾರೋ ಹೇಳಿದ್ದಕ್ಕೆ ನನ್ನ ಮೌಂಟನ್ ಬೈಕಿನ ಪೆಡಲಿಗೆ ದುಂಡನೆಯದರ ಬದಲು ಮೊಟ್ಟೆಯಾಕಾರದ ಚೈನ್‌ವೀಲ್ ಹಾಕಿಸಿದ್ದೆ. ಒಂದು ದಿನ ದಾವಣಗೆರೆಯಿಂದ ಹರಿಹರಕ್ಕೆ ಕೆಲಸಕ್ಕೆ ಹೋಗುವಾಗ ಚೈನ್ ಪದೇಪದೇ ಕಳಚಿತು. ಹರಿಹರದ ಸೈಕಲ್ ರಿಪೇರಿ ದಸ್ತಗೀರ್ ಸಾಬರಿಗೆ ಮಂಡಿನೋವಿನ ಕಥೆಯನ್ನೂ ಹೇಳಿ, ಸೈಕಲ್ ಬಿಟ್ಟು, ಸಂಜೆ ತಗೊಂಡು ಹೊರಟೆ.

ದಾರಿಯುದ್ದಕ್ಕೂ ಮಂಡಿ ನೋಯಲೇ ಇಲ್ಲ. ಮನೆ ಮುಟ್ಟಿದವನೇ ಸಹೋದ್ಯೋಗಿ ಬಸಣ್ಣನಿಗೆ ಫೋನ್ ಮಾಡಿ ಆ ಚೈನ್‌ವೀಲಿನ ಗುಣಗಾನ ಮಾಡಿದೆ. ಆಮೇಲೆ ಸೈಕಲ್ ಒರೆಸಲು ಬಗ್ಗಿದರೆ, ಚೈನ್‌ವೀಲ್ ದುಂಡಗಿತ್ತು.

ಸಾಬರಿಗೆ ಫೋನ್ ಮಾಡಿದೆ.

"ನಿಮ್ಮದು ಸೊಟ್ಟಗಾಗಿತ್ತಲ್ರಿ. ಎಷ್ಟು ಬಡಿದ್ರೂ ನೆಟ್ಟಗಾಗ್ಲಿಲ್ಲ, ಬ್ಯಾರೆ ಹಾಕೀನಿ. ಯಾಕ್ರಿ, ಮಂಡಿ ನೋಯ್ತೈತೇನು?"

"ಇಲ್ರಿ."

"ಮತ್ತೇನ್ ಬೇಕ್ರಿ?"

ಫೋನ್ ಇಟ್ಟೆ. ಅಷ್ಟರಲ್ಲಿ ಬಸಣ್ಣನ ಮೆಸೇಜ್ ಬಂತು. ತನಗೂ ಒಂದು ಮೊಟ್ಟೆಯಾಕಾರದ್ದು ಆರ್ಡರ್ ಮಾಡಿದ್ದಾನಂತೆ. ಒಳ್ಳೆ ಕೆಲಸ ಮಾಡಿದಿ ಎಂದು ಬರೆದೆ.