ಹಬೆಯ ಶೀಸೆಗೆ ರಾಗಿ ಹಿಟ್ಟು

ಕೊತ್ತಗೆರೆಯ ನಮ್ಮ ಮನೆಯಲ್ಲಿ ಇಡ್ಲಿ ಪಾತ್ರೆಯ ಮುಚ್ಚಳದ ಸಂದಿಯಿಂದ ಹಬೆ ಸೋರಿದರೆ ಅಮ್ಮ ರಾಗಿ ಹಿಟ್ಟು ಕಲಸಿ ಮೆತ್ತುತ್ತಿದ್ದಳು. ತೊಂಬತ್ತರ ದಶಕದ ಕೊನೆಯಲ್ಲಿ, ಸಂಶೋಧನೆಗೆಂದು ಹೋಗಿದ್ದ ದೂರದ ಅಗ್ನಿಪರ್ವತದ ಬುಡದಲ್ಲಿ ನಾನೂ ಅದನ್ನೇ ಮಾಡಿದೆ. ನೆಲದ ಬಿರುಕಿನಿಂದ ಹಬೆ ಬುಸುಗುಡುತ್ತಿತ್ತು. ಅದನ್ನು ಗಾಜಿನ ಶೀಸೆಗಳಿಗೆ ಹಿಡಿದೆ. ರಬ್ಬರ್ ಬಿರಡೆಗಳ ಮೇಲೆ ನನಗೆ ನಂಬಿಕೆ ಇರಲಿಲ್ಲ. ತಿನ್ನಲು ಕಟ್ಟಿಕೊಂಡು ಹೋಗಿದ್ದ ಹಿಟ್ಟನ್ನೇ ಕಲಸಿ ಒಂದೊಂದರ ಬಾಯಿಗೂ ಮೆತ್ತಿದೆ. ಜೊತೆಗಿದ್ದವರು ನಕ್ಕರು. ನಗಲಿ ಬಿಡಿ ಎಂದುಕೊಂಡೆ.

ಆ ಹಬೆಯೊಳಗಿನ ಅನಿಲಗಳು ಎಲ್ಲಿಂದ ಬಂದವು ಎಂಬುದೇ ನನ್ನ ಪಿಎಚ್‌ಡಿ. ಕಾರ್ಬನ್ ಡೈಆಕ್ಸೈಡ್ ಬಹುಪಾಲು ಆಳದ ಕರಗಿದ ಬಂಡೆಯದು. ನೈಟ್ರೋಜನ್ ಮಾತ್ರ ಆಕಾಶದ್ದು. ಮಳೆನೀರಿನಲ್ಲಿ ಕರಗಿ ಕೆಳಗಿಳಿದು, ಕಾದು, ಮತ್ತೆ ಮೇಲೆ ಬಂದದ್ದು ಎಂದು ಬರೆದಿದ್ದೆ.

ಕೆಲವು ವರ್ಷಗಳ ಮೇಲೆ ತುಮಕೂರಿನಲ್ಲಿ ವೈವಾ, ಅಂದರೆ ಮೌಖಿಕ ಪರೀಕ್ಷೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಪ್ರಬಂಧದಲ್ಲಿದ್ದ ಶೀಸೆಯ ಫೋಟೋ ಮೇಲೆ ಬೆರಳಿಟ್ಟರು. ಹಿಟ್ಟು ಮೆತ್ತಿದ ಶೀಸೆಗೆ ಹೊರಗಿನ ಗಾಳಿ ನುಗ್ಗಿದೆ, ನಿಮ್ಮ ನೈಟ್ರೋಜನ್ ಅದೇ ಎಂದರು. ಅದು ನಿಜವಾದರೆ ನನ್ನ ಅಷ್ಟೂ ವರ್ಷಗಳ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಗಾಳಿ ನುಗ್ಗಿದ್ದರೆ ಆಮ್ಲಜನಕವೂ ಇರಬೇಕಿತ್ತಲ್ಲ ಎಂದೆ. ಶೀಸೆಯೊಳಗಿನ ಗಂಧಕದ ಅನಿಲ ಅದನ್ನು ತಿಂದಿರಬಹುದು ಎಂದರು. ಆ ಮಾತಿಗೇ ನಾನು ಕಾದಿದ್ದೆ.

"ಆರ್ಗಾನ್ ನೋಡಿ ಸಾರ್, ಅದೂ ಗಾಳೀಲಿರೋ ಅನಿಲವೇ. ಅದು ಯಾರ ತಂಟೆಗೂ ಹೋಗಲ್ಲ, ಅದನ್ನ ಯಾರೂ ತಿನ್ನಲ್ಲ. ನೀರಲ್ಲಿ ನೈಟ್ರೋಜನ್‌ಗಿಂತ ಚೆನ್ನಾಗಿ ಕರಗುತ್ತೆ. ಗಾಳಿ ನೇರ ನುಗ್ಗಿದ್ರೆ ಎರಡೂ ಗಾಳೀಲಿರೋ ಲೆಕ್ಕದಲ್ಲೇ ಇರಬೇಕಿತ್ತು. ಇಲ್ಲಿ ಆರ್ಗಾನ್ ಪಾಲು ಹೆಚ್ಚು, ಮಳೆನೀರಲ್ಲಿರೋ ಹಾಗೇ ಇದೆ."

ಅವರು ಪುಟ ಹಿಂದಕ್ಕೆ ತಿರುಗಿಸಿ ಲೆಕ್ಕ ಹಾಕತೊಡಗಿದರು. ಕೊನೆಗೆ ಕನ್ನಡಕ ತೆಗೆದಿಟ್ಟು, ಒಪ್ಪಿದೆ ಎಂದರು. ಆ ಹಿಟ್ಟನ್ನು ಯಾವ ಹದಕ್ಕೆ ಕಲಸಬೇಕು ಎಂದೂ ಕೇಳಿದರು. ಗೆದ್ದಿದ್ದೆ. ಎದೆಯುಬ್ಬಿಸಿಕೊಂಡೇ ಹೊರಗೆ ಬಂದೆ, ವಿನಯವೆಲ್ಲ ಆಮೇಲೆ.

ಹೊರಗಿನ ಬೆಂಚಿನ ಮೇಲೆ ಅಮ್ಮ ಬೆಳಗಿನಿಂದ ಕೂತಿದ್ದಳು. ಡಾಕ್ಟರಾದೆ ಎಂದು ಹೇಳಿ, ಶೀಸೆಯ ಜಗಳವನ್ನೂ ಹೇಳಿದೆ. ಡಾಕ್ಟರ್ ಸುದ್ದಿ ಅವಳ ಕಿವಿಗೆ ಬಿದ್ದಂತೆಯೇ ಕಾಣಲಿಲ್ಲ.

"ಹಿಟ್ಟು ಮೆತ್ತಿದ್ದು ಸೋರ್ಲಿಲ್ಲ ತಾನೇ?"

"ಇಲ್ಲ ಕಣಮ್ಮ. ಒಂದ್ ಚೂರೂ ಸೋರ್ಲಿಲ್ಲ."

"ಮತ್ತೆ? ನಮ್ಮನೆ ರಾಗಿ ಕಣೇ ಅದು," ಎಂದು ಎದ್ದು, ಸೆರಗು ಕೊಡವಿಕೊಂಡು ನನಗಿಂತ ಮುಂದೆ ನಡೆದಳು.