ಕಳೆದುಹೋದ ಅಧ್ಯಾಯ ಹೇಳಿಸುತ್ತಿದ್ದ ಟೀಚರು

ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ತಿಳಿನೀಲಿ. ಪುಸ್ತಕ ಬೈಂಡು ಮಾಡುವ ಮೈದಾ ಅಂಟಿಗೆ ಹುಳ ಹಿಡಿಯದಿರಲೆಂದು ಮೈಲುತುತ್ತ ಬೆರೆಸಿ, ಬ್ರಷ್ಷು ಸರಿಹೋಗುವುದಿಲ್ಲವೆಂದು ಬೆರಳಿನಲ್ಲೇ ಹಚ್ಚುತ್ತಿದ್ದರು. ಊಟಕ್ಕೆ ಮೊದಲು ಮೂರು ಸಲ ಕೈ ತೊಳೆದರೂ ಆ ನೀಲಿ ಹೋಗುತ್ತಿರಲಿಲ್ಲ.

ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ, ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಅವರು ಸರ್ಕ್ಯುಲೇಟಿಂಗ್ ಲೈಬ್ರರಿ ನಡೆಸುತ್ತಿದ್ದರು. ಎಲ್ಲೋ ಮಿಡ್ಲ್ ಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದರಿಂದ ನಮಗೆಲ್ಲ ಅವರು ಲೈಬ್ರರಿ ಟೀಚರು. ವಾರಪತ್ರಿಕೆಗಳಲ್ಲಿ ಬರುತ್ತಿದ್ದ ಧಾರಾವಾಹಿಗಳ ಪುಟಗಳನ್ನು ಸುತ್ತಲಿನ ಮನೆಗಳವರು ಕತ್ತರಿಸಿ ತಂದುಕೊಟ್ಟರೆ, ಟೀಚರು ಅವನ್ನು ಜೋಡಿಸಿ, ಹೊಲಿದು, ರಟ್ಟು ಹಾಕಿ ಕಾದಂಬರಿ ಮಾಡುತ್ತಿದ್ದರು. ಕಥೆಯ ಪುಟದ ಹಿಂದೆ ಯಾರದೋ ಮನೆಯ ಕೊಬ್ಬರಿ ಮಿಠಾಯಿಯ ವಿಧಾನವೋ, ಅರ್ಧ ತುಂಬಿಸಿದ ಪದಬಂಧವೋ ಸೇರಿಕೊಂಡಿರುತ್ತಿತ್ತು.

ಆ ಲೈಬ್ರರಿಯಲ್ಲಿ ಹುಡುಗಿಯರು ಜಗಳವಾಡಿ ಒಯ್ಯುತ್ತಿದ್ದುದು ಎರಡು ಭಾಗದ ಒಂದೇ ಒಂದು ಕಾದಂಬರಿಯನ್ನು. ರಾಣಿಗೆ ವೀಳ್ಯ ಮಡಿಸಿ ಕೊಡುವ, ಅದರ ಸಂಚಿಯಾದ ಹಡಪ ಹಿಡಿಯುವ ಹದಿನಾಲ್ಕರ ಹುಡುಗಿಯ ಕಥೆ ಅದು. ಮಂತ್ರಿಯು ಎಳೆಯ ಯುವರಾಜನ ನೆರಳನ್ನೇ ಕದ್ದು ತಾಮ್ರದ ಗಿಂಡಿಯಲ್ಲಿ ಮುಚ್ಚಿಡುತ್ತಾನೆ. ನೆರಳಿಲ್ಲದವನಿಗೆ ಆ ದೇಶದಲ್ಲಿ ಪಟ್ಟವಿಲ್ಲ. ಕಳವಿನ ಅಪವಾದ ಅರಮನೆಯಲ್ಲಿ ದೀಪ ಹಚ್ಚುವ ಮುದುಕನ ಮೇಲೆ ಬರುತ್ತದೆ. ನಿಜವನ್ನು ಕಣ್ಣಾರೆ ಕಂಡವಳು ಹಡಪದ ಹುಡುಗಿಯೊಬ್ಬಳೇ. ತುಂಬಿದ ಸಭೆಯಲ್ಲಿ ರಾಜ “ಕಂಡವರು ಯಾರಾದರೂ ಇದ್ದೀರಾ?” ಎಂದು ಕೇಳುವಲ್ಲಿಗೆ ಮೊದಲ ಭಾಗ ಮುಗಿಯುತ್ತಿತ್ತು. ಎರಡನೆಯ ಭಾಗ ಶುರುವಾಗುವ ಹೊತ್ತಿಗೆ ಹುಡುಗಿ ಕಾಡಿನಲ್ಲಿ ಓಡುತ್ತಿರುತ್ತಾಳೆ. ನಡುವಿನ ಒಂದು ವಾರದ ಕಂತು ಇರಲೇ ಇಲ್ಲ. ಯಾವುದೋ ಮನೆಯವರು ದಸರೆ ಮುಗಿದ ಮೇಲೆ ಆ ಹಾಳೆಗಳನ್ನು ಪಟ್ಟದ ಗೊಂಬೆಗಳಿಗೆ ಸುತ್ತಿ ಟ್ರಂಕಿಗೆ ಹಾಕಿದ್ದರಂತೆ. ಮುಂದಿನ ದಸರೆಗೆ ಟ್ರಂಕು ತೆಗೆದಾಗ ರಾಜ ರಾಣಿ ಕ್ಷೇಮವಾಗಿದ್ದರು, ಕಥೆಯನ್ನು ಜಿರಲೆ ತಿಂದಿತ್ತು.

ಬೇರೆ ಯಾರಾದರೂ ಆಗಿದ್ದರೆ “ಒಂದು ಕಂತು ಇಲ್ಲ” ಎಂದು ಚೀಟಿ ಅಂಟಿಸಿ ಸುಮ್ಮನಾಗುತ್ತಿದ್ದರು. ಟೀಚರು ಅದನ್ನೇ ಒಂದು ನಿಯಮ ಮಾಡಿಕೊಂಡರು. ಮೊದಲ ಭಾಗ ಓದಿದವರು ಇಲ್ಲದ ಆ ಅಧ್ಯಾಯವನ್ನು ತಾವೇ ಹೇಳಬೇಕು. ಹೇಳದಿದ್ದರೆ ಎರಡನೆಯ ಭಾಗ ಸಿಗುವುದಿಲ್ಲ. “ಮೊದಲು ಹೇಳು, ಆಮೇಲೆ ಪುಸ್ತಕ.” ನಾವು ಹೇಳುತ್ತಿದ್ದರೆ ಅವರು ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹೊಲಿಯುತ್ತಾ, ನಡುನಡುವೆ “ಆಮೇಲೆ?” ಎನ್ನುತ್ತಿದ್ದರು. ಬ್ಯಾಂಕಿನ ಗುಮಾಸ್ತರೊಬ್ಬರು ಹುಡುಗಿಗೆ ಮೂರ್ಛೆ ಬರಿಸಿ ಪಾರಾದರು. ನಮ್ಮ ಪಕ್ಕದ ಮನೆಯ ಅಜ್ಜಿಯಂತೂ ಸಭೆಯ ಕಂಬ ಒಡೆದು ನರಸಿಂಹಸ್ವಾಮಿಯನ್ನೇ ಕರೆಸಿಬಿಟ್ಟರು. ಟೀಚರು ಯಾರಿಗೂ ಸರಿ, ತಪ್ಪು ಎನ್ನುತ್ತಿರಲಿಲ್ಲ. ಕೇಳಿಸಿಕೊಂಡು ಪುಸ್ತಕ ಕೊಡುತ್ತಿದ್ದರು, ಅಷ್ಟೆ.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ, ತೊಂಬತ್ತರ ದಶಕದ ನಡುವಿನಲ್ಲಿ, ನನ್ನ ಸರದಿ ಬಂತು. ಅದೇ ವಾರ ನಮ್ಮ ಶಾಲೆಯಲ್ಲಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಕಳುವಾಗಿತ್ತು. ಗುರುವಾರ ಬೆಳಿಗ್ಗೆ ನಾನು ಬೇಗ ಹೋಗಿದ್ದೆ. ಸ್ಟಾಫ್ ರೂಮಿನೊಳಗೆ ನನ್ನ ಬೆಂಚಿನ ಗೆಳತಿ ಖಾಕಿ ಕವರೊಂದನ್ನು ಬ್ಯಾಗಿಗೆ ತುರುಕುತ್ತಿದ್ದುದನ್ನು ಬಾಗಿಲಲ್ಲಿ ನಿಂತು ನೋಡಿದೆ. ಅವಳು ಶಾಲೆಯ ಆಡಳಿತ ಮಂಡಳಿಯ ಕಾರ್ಯದರ್ಶಿಯ ಮಗಳು. ತುಟಿಯ ಮೇಲೆ ಬೆರಳಿಟ್ಟು, ಹಿತ್ತಿಲ ಕಡೆಯ ಬಾಗಿಲಿನಿಂದ ಹೊರಟುಹೋದಳು. ಬೀಗದ ಕೈ ಇರುತ್ತಿದ್ದುದು ಕೋಣೆಗಳನ್ನು ತೆರೆದು ಗುಡಿಸುವ, ಗಂಟೆ ಹೊಡೆಯುವ ಆಯಮ್ಮನ ಹತ್ತಿರ. ಶುಕ್ರವಾರದ ಹೊತ್ತಿಗೆ ಎಲ್ಲರ ಬಾಯಲ್ಲೂ ಆಯಮ್ಮನ ಹೆಸರೇ.

ಶನಿವಾರ ನಾನು ಟೀಚರ ಮುಂದೆ ಕೂತು ಅಧ್ಯಾಯ ಹೇಳಿದೆ. ಇವತ್ತಿಗೂ ನಾಚಿಕೆಯಾಗುತ್ತದೆ, ಎಷ್ಟು ಚೆನ್ನಾಗಿ ಹೇಳಿದೆ! ನನ್ನ ಹಡಪದ ಹುಡುಗಿ ವೀಳ್ಯದ ತಟ್ಟೆಯನ್ನು ನೆಲಕ್ಕಿಟ್ಟು, ಸಭೆಯ ನಡುವೆ ನಿಂತು, ಮಂತ್ರಿಯ ಮುಖಕ್ಕೆ ಬೆರಳು ತೋರಿಸಿ “ಇವನೇ” ಅಂದಳು. ಟೀಚರ ಸೂಜಿ ನಿಧಾನವಾಯಿತು.

“ಆಮೇಲೆ?”

“ಆಮೇಲೇನು ಟೀಚರ್, ಮುದುಕನನ್ನ ಬಿಟ್ಬಿಡ್ತಾರೆ.”

“ಅವಳಿಗೆ ಹೆದರಿಕೆ ಆಗ್ಲಿಲ್ವಾ?”

“ಚೂರೂ ಇಲ್ಲ,” ಎಂದೆ.

ಸೋಮವಾರ ಹೆಡ್‌ಮಿಸ್ಟ್ರೆಸ್ ನಮ್ಮ ತರಗತಿಗೆ ಬಂದರು. ಬಾಗಿಲ ಬಳಿ ಆಯಮ್ಮ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಿದ್ದಳು. “ಯಾರಾದ್ರೂ ಏನಾದ್ರೂ ನೋಡಿದ್ದೀರೇನಮ್ಮಾ? ಇದ್ರೆ ಈಗ್ಲೇ ಹೇಳ್ಬಿಡಿ,” ಎಂದರು. ಗೆಳತಿಯ ಮೊಣಕೈ ನನ್ನ ಮೊಣಕೈಗೆ ತಗುಲುತ್ತಿತ್ತು. ಬೆಂಚಿನ ಮೇಲೆ ಯಾರೋ ಕಂಪಾಸಿನ ಮೊನೆಯಿಂದ ಕೆತ್ತಿದ್ದ ಹೂವಿನ ದಳಗಳನ್ನು ಎಣಿಸುತ್ತಾ ಕೂತೆ. ಅದಕ್ಕೆ ಐದು ದಳ. ಮಧ್ಯಾಹ್ನದ ಗಂಟೆಯನ್ನು ಬೇರೆ ಯಾರೋ ಹೊಡೆದರು.

ಅಂದು ಸಂಜೆ ಎರಡನೆಯ ಭಾಗವನ್ನು ಓದದೆಯೇ ಹಿಂದಿರುಗಿಸಲು ಹೋದೆ. ಟೀಚರು ನನ್ನ ಮುಖ ನೋಡಿ “ಏನಾಯ್ತು ಮರಿ?” ಎಂದರು. ಎಲ್ಲವನ್ನೂ ಹೇಳಿಬಿಟ್ಟೆ. ಅವರು ಅಭ್ಯಾಸಬಲದಿಂದಲೋ ಏನೋ “ಆಮೇಲೆ?” ಎಂದರು.

“ಆಮೇಲೆ ಏನಿಲ್ಲ ಟೀಚರ್. ಸುಮ್ನೆ ಕೂತಿದ್ದೆ.”

ಅವರು ಸೂಜಿಯನ್ನು ಕೆಳಗಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಆಯಮ್ಮನ ಮನೆ ಗೊತ್ತಾ?”

“ಗೊತ್ತು. ನೀವೇ ಹೇಳ್ಬಿಡಿ ಟೀಚರ್, ನಿಮ್ಮ ಮಾತು ಕೇಳ್ತಾರೆ.”

“ನಾನು ನೋಡಿಲ್ವಲ್ಲ. ಬಾ, ಮೊದ್ಲು ಅವಳ ಹತ್ರ ಹೋಗಿ ಬರೋಣ. ಅಲ್ಲಿಂದ ಸ್ಕೂಲಿಗೆ. ನಾನೂ ಬರ್ತೀನಿ.”

“ನಂಗೆ ಹೆದರಿಕೆ ಆಗತ್ತೆ.”

“ಆಗತ್ತೆ. ಅದು ಹೋದ್ಮೇಲೆ ಹೊರಡ್ತೀನಿ ಅಂದ್ರೆ ಯಾವತ್ತೂ ಹೊರಡಲ್ಲ. ಅದನ್ನೂ ಜೊತೇಲೇ ಕರ್ಕೊಂಡು ಹೋಗ್ಬೇಕು.” ಹೀಗೆಂದು ಚಪ್ಪಲಿ ಮೆಟ್ಟಿದರು.

“ಅಮ್ಮ ಕಾಯ್ತಿರ್ತಾರೆ, ನಾಳೆ ಬರ್ತೀನಿ” ಎಂದು ಹೇಳಿ ನಾನು ಓಡಿದೆ. ತಿರುವಿನಲ್ಲಿ ಹಿಂದಿರುಗಿ ನೋಡಿದರೆ, ಅವರು ಚಪ್ಪಲಿ ಮೆಟ್ಟಿಕೊಂಡೇ ಮೆಟ್ಟಿಲ ಮೇಲೆ ನಿಂತಿದ್ದರು. ಅದೇ ಕೊನೆ. ಆಮೇಲೆ ಆ ಅಡ್ಡರಸ್ತೆಯನ್ನು ತಪ್ಪಿಸಲು ಮಾರುಕಟ್ಟೆಗೂ ಸುತ್ತುಹಾಕಿ ಹೋಗತೊಡಗಿದೆ. ಎಸ್ಸೆಸ್ಸೆಲ್ಸಿ ಮುಗಿದ ವರ್ಷ ನಾವು ಬಸವನಗುಡಿಗೆ ಮನೆ ಬದಲಿಸಿದೆವು. ನನಗಾದ ಸಂತೋಷ ಕಂಡು ಅಮ್ಮನಿಗೇ ಆಶ್ಚರ್ಯ.

ಮನೆ ಬದಲಿಸಿದರೆ ಕಿವಿ ಬದಲಾದೀತೇ? ಕಾಲೇಜಿನಲ್ಲಿ, ಮುಂದೆ ಆಫೀಸಿನ ಮೀಟಿಂಗುಗಳಲ್ಲಿ, ಕಂಡದ್ದನ್ನು ಕಾಣದಂತೆ ತಲೆತಗ್ಗಿಸಿ ಕೂತಾಗಲೆಲ್ಲ ಹಿಂದಿನ ಸಾಲಿನಿಂದ “ಆಮೇಲೆ?” ಎಂಬ ದನಿ ಕೇಳುತ್ತಿತ್ತು. ಗಾಂಧಿಬಜಾರಿನಲ್ಲಿ ಯಾರಾದರೂ ನರೆಗೂದಲಿನವರು ಬಗ್ಗಿ ಹೂವು ಆರಿಸುತ್ತಿದ್ದರೆ, ಅವರು ತಿರುಗುವ ಮೊದಲೇ ನಾನು ರಸ್ತೆ ದಾಟಿರುತ್ತಿದ್ದೆ. ಬದುಕಿರುವವರಿಗೆ ಹೀಗೆ ದೆವ್ವಕ್ಕೆ ಹೆದರಿದಂತೆ ಹೆದರಿದವಳು ನಾನೊಬ್ಬಳೇ ಇರಬೇಕು.

ಒಂಬತ್ತು ವರ್ಷಗಳ ಮೇಲೆ, ಅವರು ತೀರಿಕೊಂಡ ಸುದ್ದಿಯನ್ನು ಹಳೆಯ ಸಹಪಾಠಿಯೊಬ್ಬಳು ಬಸ್ಸಿನಲ್ಲಿ ಸಿಕ್ಕಾಗ ಹೇಳಿದಳು. ಹೋಗಿ ಹದಿನೈದು ದಿನವಾಗಿತ್ತಂತೆ. ಇನ್ನು ಹೆದರಬೇಕಾದವರು ಅಲ್ಲಿ ಯಾರೂ ಇಲ್ಲವೆಂದುಕೊಂಡು ಹೋದೆ. ಧೈರ್ಯವೆಂದರೆ ನನಗೆ ಆಗಲೂ ಅಷ್ಟೇ ಅರ್ಥವಾಗಿತ್ತು.

ಮುಂದಿನ ಕೋಣೆಯ ಬಾಗಿಲು ತೆರೆದಿತ್ತು. ನೆಲದ ಮೇಲೆ ಪುಟಗಳ ಕಟ್ಟು ಹರಡಿಕೊಂಡು, ಹಲ್ಲಿನಲ್ಲಿ ದಾರ ಕಚ್ಚಿಕೊಂಡು ಆಯಮ್ಮ ಹೊಲಿಯುತ್ತಾ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಓಡಿದ ಆ ಸಂಜೆಯೇ ಟೀಚರು ಒಬ್ಬರೇ ಅವಳ ಮನೆ ಹುಡುಕಿಕೊಂಡು ಹೋಗಿದ್ದರಂತೆ. ಶಾಲೆಯ ಕೆಲಸ ಕಳೆದುಕೊಂಡಿದ್ದ ಅವಳು ಮಾರನೆಯ ದಿನದಿಂದ ಇಲ್ಲೇ ಬೈಂಡಿಂಗ್ ಕಲಿಯತೊಡಗಿದಳಂತೆ. ಇದನ್ನೆಲ್ಲ ಅವಳು ನೀರು ಕೊಡುತ್ತಾ ಹೇಳಿದಳು. ನಾನು ಲೋಟವನ್ನು ನೆಲಕ್ಕಿಟ್ಟೆ.

“ಆಯಮ್ಮ, ಅವತ್ತು ಪೇಪರ್ ತಗೊಂಡಿದ್ದು ಯಾರು ಅಂತ ನಂಗೊತ್ತಿತ್ತು. ನಾನು ನೋಡಿದ್ದೆ.”

ಅವಳು ದಾರ ಕತ್ತರಿಸಿದಳು. “ಗೊತ್ತು ಕಣಮ್ಮ. ಒಳಗೆ ಯಾರಿದ್ರು ಅಂತ ನಂಗೆ ಕಾಣ್ಲಿಲ್ಲ. ನೀನು ಬಾಗಿಲಲ್ಲಿ ನಿಂತು ನೋಡ್ತಿದ್ದಿದ್ದು ಕಾಣ್ತು. ನಾನು ವರಾಂಡದ ಆ ತುದೀಲಿ ಗುಡಿಸ್ತಿದ್ದೆ.”

“ಮತ್ತೆ ನನ್ನ ಹೆಸರು ಯಾಕೆ ಹೇಳ್ಲಿಲ್ಲ?”

“ನೀನೇ ಹೇಳ್ತೀಯ ಅಂತ ಕಾದೆ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಟೀಚರಮ್ಮಾನೂ ಅಷ್ಟೇ. ಗೇಟು ಸದ್ದಾದ್ರೆ ಸಾಕು, ‘ಆ ಹುಡುಗೀನೇನೋ ನೋಡು’ ಅಂತಿದ್ರು. ಕೊನೇ ದಿನಾನೂ ಕೇಳಿದ್ರು ಕಣಮ್ಮ.”